ಹುಳಿಹಿಟ್ಟಿನಿಂದ ಪೊರಕೆಯವರೆಗೆ

ದಿನನಿತ್ಯದ ಕೆಲಸದಲ್ಲಿ, ಕಣ್ಣಿಗೆ ಬಿದ್ದ ಸಣ್ಣಪುಟ್ಟ ವಸ್ತುವಿನಲ್ಲಿ ವಿಶ್ವಾಸದ ಪಾಠವೊಂದನ್ನು ಕಂಡುಕೊಳ್ಳುವುದು ಕ್ರೈಸ್ತರಲ್ಲಿ ಬಹು ಹಳೆಯ ಹವ್ಯಾಸ. ಇದಕ್ಕೆ ಬೇಕಾಗುವ ಸಾಮಗ್ರಿ ಕಡಿಮೆ: ಕೈಯಲ್ಲೊಂದು ಕೆಲಸ, ಅದರ ಮೇಲೆ ನೆಟ್ಟ ಕಣ್ಣು, ಬೈಬಲಿನ ಒಂದಿಷ್ಟು ಪರಿಚಯ. ಹಿಟ್ಟು ನಾದುವವರು, ಹೊಲ ಉಳುವವರು, ಪಾದ್ರಿಗಳು, ಸನ್ಯಾಸಿನಿಯರು, ಪ್ರಯೋಗಶಾಲೆಯ ವಿಜ್ಞಾನಿಗಳು ಕೂಡ ಇದರ ರುಚಿ ಕಂಡಿದ್ದಾರೆ. ದುಡ್ಡು ಕಾಸಿನ ಖರ್ಚಿಲ್ಲ, ಹೊತ್ತುಗೊತ್ತಿನ ಕಟ್ಟಿಲ್ಲ. ಆದರೂ ಇದು ಕಂಡಷ್ಟು ಸುಲಭವಲ್ಲ. ಬೇರೆ ಯಾವುದೇ ಕಸುಬಿನಂತೆ ಇಲ್ಲಿಯೂ ಪಳಗಿದ ಕೈ, ಒರಟು ಕೈ ಎಂಬ ಭೇದವಿದೆ. ವಸ್ತುವಿನೊಳಗಿಂದ ಪಾಠ ಹೊರಟುಬಂದರೆ ಅದು ಪಳಗಿದ ಕೈ. ಮೊದಲೇ ಸಿದ್ಧವಾಗಿದ್ದ ಪಾಠವನ್ನು ತಂದು ವಸ್ತುವಿನ ಮೇಲೆ ಅಂಟಿಸಿದರೆ ಒರಟು ಕೈ.

ಈ ಹವ್ಯಾಸದ ಬೇರು ಹೀಬ್ರೂ ಧರ್ಮಗ್ರಂಥಗಳಲ್ಲೇ ಇದೆ. ಸೋಮಾರಿಯಾದವನು ಇರುವೆಯ ಬಳಿಗೆ ಹೋಗಿ ಬುದ್ಧಿ ಕಲಿಯಲಿ ಎನ್ನುತ್ತದೆ ಜ್ಞಾನೋಕ್ತಿಗಳ ಗ್ರಂಥ. ಆದರೆ ಇದಕ್ಕೆ ಪೂರ್ಣ ರೂಪ ಕೊಟ್ಟದ್ದು ಯೇಸುವಿನ ಸಾಮ್ಯಗಳು. ಗಲಿಲಾಯದ ಹಳ್ಳಿ ಬದುಕನ್ನು ಹತ್ತಿರದಿಂದ ಬಲ್ಲ ಯೇಸು ದೇವರ ರಾಜ್ಯದ ಮಾತೆತ್ತಿದಾಗಲೆಲ್ಲ ಕೇಳುಗರ ಮನೆ, ಹೊಲ, ಬಲೆ, ದೀಪ, ಉಪ್ಪು ಇವನ್ನೇ ಮುಂದಿಟ್ಟರು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಯಾರೂ ಹಾಕುವುದಿಲ್ಲ ಎಂಬ ಮಾತು ಮಾರ್ಕನ ಸುವಾರ್ತೆಯಲ್ಲಿದೆ. ಸೂಜಿ ಹಿಡಿದವರಿಗೆ ಇದರ ಕಾರಣ ಗೊತ್ತು: ನೀರು ಕಾಣದ ಹೊಸ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಸವೆದ ಬಟ್ಟೆಯನ್ನು ಎಳೆದು ಮೊದಲಿದ್ದ ಹರಕನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಹೊಸ ಬೋಧೆಯನ್ನು ಹಳೆಯ ಕಟ್ಟಳೆಗೆ ತೇಪೆಯಾಗಿ ಹಾಕಲಾಗದು ಎಂಬ ಅರ್ಥ ಆ ಕುಗ್ಗುವ ಬಟ್ಟೆಯಲ್ಲೇ ಇದೆ, ಹೊರಗಿನಿಂದ ತರಬೇಕಾದ್ದಿಲ್ಲ.

ಇವೆಲ್ಲದರ ಪೈಕಿ ಹತ್ತಿರದಿಂದ ನೋಡಬೇಕಾದದ್ದು ಹುಳಿಹಿಟ್ಟಿನ ಸಾಮ್ಯ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಅದು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಹೆಂಗಸೊಬ್ಬಳು ಚೂರು ಹುಳಿಹಿಟ್ಟನ್ನು ಮೂರು ಅಳತೆ ಹಿಟ್ಟಿನಲ್ಲಿ ಅಡಗಿಸಿಡುತ್ತಾಳೆ, ಹಿಟ್ಟೆಲ್ಲ ಹುಳಿಯಾಗುತ್ತದೆ, ಪರಲೋಕರಾಜ್ಯ ಅಂಥದ್ದು. ಆ ಕಾಲದ ಹುಳಿಹಿಟ್ಟೆಂದರೆ ಹಿಂದಿನ ಸಲ ನಾದಿದ ಹಿಟ್ಟಿನಿಂದ ತೆಗೆದಿಟ್ಟ ಉಂಡೆ. ಮೂರು ಅಳತೆಯೆಂದರೆ ಒಂದು ಮನೆಯ ಊಟಕ್ಕಲ್ಲ, ನೂರು ಮಂದಿಯ ಪಂಕ್ತಿಗೆ ಆಗುವಷ್ಟು ಹಿಟ್ಟು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಸಾನ್ನಾಂ ಮಾಡುವಾಗ ಇದೇ ವ್ಯಾಪಾರ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ನೆನೆಸಿದ ಅಕ್ಕಿ, ಉದ್ದು ರುಬ್ಬಿ, ಶೇಂದಿ ಬೆರೆಸಿ ಮುಚ್ಚಿಟ್ಟರೆ ಸ್ವಲ್ಪ ಹೊತ್ತು ಏನೂ ಆಗಿಲ್ಲವೆನಿಸುತ್ತದೆ. ಆಮೇಲೆ ಮೇಲ್ಮೈಯಲ್ಲಿ ಒಂದೊಂದೇ ಗುಳ್ಳೆ ಕಾಣಿಸುತ್ತದೆ, ಅಂಚಿನಲ್ಲಿ ನೊರೆ ಕಟ್ಟುತ್ತದೆ, ಪಾತ್ರೆಯ ಅರ್ಧದಲ್ಲಿದ್ದ ಹಿಟ್ಟು ಬಾಯಿಯ ಬಳಿಗೆ ಬಂದಿರುತ್ತದೆ. ಶೇಂದಿಯಲ್ಲಿರುವ ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಡುತ್ತದೆ. ಈ ಕೆಲಸ ಮಾಡುವವರಿಗೆ ಮೂರು ಸಂಗತಿ ತಾನಾಗಿ ತಿಳಿದಿರುತ್ತದೆ. ಒಮ್ಮೆ ಬೆರೆಸಿದ ಹುಳಿಯನ್ನು ಮತ್ತೆ ಬೇರ್ಪಡಿಸಲಾಗದು. ಅವಸರ ಮಾಡಿದರೆ ಹಿಟ್ಟು ಉಬ್ಬದು. ಚಳಿಯಿದ್ದರೆ ಇನ್ನೂ ಹೆಚ್ಚು ಕಾಯಬೇಕು. ದೇವರ ರಾಜ್ಯ ಸದ್ದಿಲ್ಲದೆ, ಒಳಗಿನಿಂದ, ತನ್ನದೇ ವೇಳೆಗೆ ಬೆಳೆಯುತ್ತದೆ ಎಂಬುದನ್ನು ಹಿಟ್ಟು ಕಲಸಿದ ಕೈಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಹುಳಿಹಿಟ್ಟು ಬೈಬಲಿನ ಬೇರೆಡೆ ಕೆಟ್ಟದ್ದರ ಗುರುತಾಗಿಯೂ ಬರುತ್ತದೆ. ಪಾಸ್ಕ ಹಬ್ಬಕ್ಕೆ ಮುನ್ನ ಯೆಹೂದ್ಯರು ಮನೆಯಲ್ಲಿ ಹುಳಿಯ ಅಂಶವೇ ಇಲ್ಲದಂತೆ ಮಾಡಬೇಕಿತ್ತು. ಫರಿಸಾಯರ ಹುಳಿಹಿಟ್ಟಿನ ವಿಷಯದಲ್ಲಿ ಎಚ್ಚರವಾಗಿರಿ ಎಂದು ಯೇಸುವೇ ಶಿಷ್ಯರಿಗೆ ಹೇಳಿದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನೂ ಅದೇ ಧಾಟಿಯಲ್ಲಿ ಮಾತಾಡುತ್ತಾನೆ. ಇದರಲ್ಲಿ ವಿರೋಧವಿಲ್ಲ. ಹರಡುವುದು ಹುಳಿಯ ಗುಣ. ಒಳಿತೂ ಹಾಗೆ ಹರಡುತ್ತದೆ, ಕೆಡುಕೂ ಹಾಗೆ ಹರಡುತ್ತದೆ. ಇಂಥ ವಸ್ತುವಿಗೆ ಇಂಥದೇ ಅರ್ಥ ಎಂಬ ನಿಘಂಟು ಈ ಹವ್ಯಾಸಕ್ಕಿಲ್ಲ. ಪ್ರತಿ ಸಲವೂ ವಸ್ತುವಿನ ಗುಣವನ್ನು ಹೊಸದಾಗಿ ನೋಡಿಯೇ ಮುಂದುವರಿಯಬೇಕು.

ಹಾಗೆ ನೋಡಿದವರಲ್ಲಿ ಸ್ಪೇನಿನ ಆವಿಲಾದ ಸಂತ ತೆರೇಸಾ ಮುಖ್ಯರು. 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡ ಈ ಕಾರ್ಮೆಲ್ ಸಭೆಯ ಸನ್ಯಾಸಿನಿ ತಮ್ಮ ಆತ್ಮಕಥೆಯಲ್ಲಿ ಪ್ರಾರ್ಥನೆಯ ಹಂತಗಳನ್ನು ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳಾಗಿ ವಿವರಿಸಿದರು. ಮೊದಲನೆಯದು ಬಾವಿಯಿಂದ ಸೇದಿ ತಂದು ಹೊಯ್ಯುವುದು: ರಟ್ಟೆ ನೋಯುತ್ತದೆ, ನೀರು ಸ್ವಲ್ಪವೇ ಸಿಗುತ್ತದೆ, ಕೆಲವೊಮ್ಮೆ ಬಾವಿಯೇ ಬತ್ತಿರುತ್ತದೆ. ಎರಡನೆಯದು ಪಾತ್ರೆಗಳನ್ನು ಕಟ್ಟಿದ ಚಕ್ರ ತಿರುಗಿಸುವುದು: ದುಡಿಮೆ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆ ಅಥವಾ ತೊರೆಯ ನೀರನ್ನು ಹಾಯಿಸುವುದು: ನೆಲ ಆಳದವರೆಗೆ ನೆನೆಯುತ್ತದೆ. ನಾಲ್ಕನೆಯದು ಮಳೆ: ತೋಟಗಾರನ ದುಡಿಮೆಯೇ ಇಲ್ಲ. ಆರಂಭದ ಪ್ರಾರ್ಥನೆ ಮನುಷ್ಯನ ಪ್ರಯಾಸ, ಕೊನೆಯದು ಕೇವಲ ದೇವರ ಕೃಪೆ. ಆವಿಲಾ ಇರುವುದು ಮಳೆ ಕಡಿಮೆ ಬೀಳುವ ಕಸ್ಟೀಲ್ ಪ್ರಸ್ಥಭೂಮಿಯಲ್ಲಿ. ಅಲ್ಲಿ ನೀರಿನ ಬೆಲೆ ಗೊತ್ತಿಲ್ಲದವರಿಲ್ಲ. ಕೋಲಾರ, ಚಿತ್ರದುರ್ಗಗಳ ಒಣನೆಲದ ರೈತನೂ ಈ ನಾಲ್ಕು ನೀರುಗಳ ಅಂತರವನ್ನು ವ್ಯಾಖ್ಯಾನವಿಲ್ಲದೆ ಗ್ರಹಿಸಬಲ್ಲ. ಅಡುಗೆಮನೆಯ ಪಾತ್ರೆಪಗಡಗಳ ನಡುವೆಯೂ ಪ್ರಭು ಓಡಾಡುತ್ತಿರುತ್ತಾನೆಂದು ತೆರೇಸಾ ತಮ್ಮ ಸನ್ಯಾಸಿನಿಯರಿಗೆ ಧೈರ್ಯ ಹೇಳಿದ್ದೂ ಉಂಟು.

ಅವರದೇ ಸಭೆಗೆ ಸೇರಿದ ಬ್ರದರ್ ಲಾರೆನ್ಸ್ ಆ ಮಾತನ್ನು ಬದುಕಿ ತೋರಿಸಿದರು. ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಬಡ ಕುಟುಂಬದಿಂದ ಬಂದು, ಸೈನಿಕನಾಗಿ ಗಾಯಗೊಂಡು, ಕೊನೆಗೆ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದ ಅವರಿಗೆ ಸಿಕ್ಕಿದ್ದು ಅಡುಗೆಮನೆಯ ಕೆಲಸ. ಮುಂದೆ ಚಪ್ಪಲಿ ರಿಪೇರಿಯ ಕೆಲಸ. ಹದಿನೆಂಟರ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆ ಉದುರಿ ನಿಂತ ಮರವೊಂದನ್ನು ಕಂಡು, ಇದೇ ಮರ ಮತ್ತೆ ಚಿಗುರಿ ಹೂಬಿಡುವುದಲ್ಲವೇ ಎಂಬ ಯೋಚನೆಯಿಂದ ಅವರ ಬದುಕು ದೇವರತ್ತ ತಿರುಗಿತು. ಅಡುಗೆ ಕೆಲಸ ಅವರ ಸ್ವಭಾವಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಆದರೂ ಬಾಣಲೆಯಲ್ಲಿ ಮೊಟ್ಟೆ ಮಗುಚುವುದನ್ನು ಕೂಡ ದೇವರ ಪ್ರೀತಿಗಾಗಿ ಮಾಡುವುದನ್ನು ರೂಢಿಸಿಕೊಂಡರು. 1691ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಪತ್ರಗಳು, ಸಂಭಾಷಣೆಗಳು ಪುಸ್ತಕವಾಗಿ ಬಂದು ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎನ್ನದೆ ಎಲ್ಲರ ಕೈಗೂ ಹೋದವು. ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟರೂ ದೇವರಿಗಾಗಿ ಕೋಣೆ ಗುಡಿಸಿದರೆ ಆ ಕೆಲಸಕ್ಕೆ ಘನತೆ ಬರುತ್ತದೆಂಬ ಭಾವವನ್ನು 1633ರಲ್ಲಿ ಪ್ರಕಟವಾದ ತಮ್ಮ ಸಂಕಲನದ ಕವಿತೆಯೊಂದರಲ್ಲಿ ಹೇಳಿದ್ದರು.

ಕೋಣೆ ಗುಡಿಸುವ ಕೆಲಸ ಈ ಪರಂಪರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಲೂಕನ ಸುವಾರ್ತೆಯಲ್ಲಿ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ; ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ. ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ, 19ನೆಯ ಶತಮಾನದಲ್ಲೇ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೂ ಬಂದ ಕೃತಿಯಲ್ಲಿ ಇನ್ನೊಂದು ಗುಡಿಸುವ ದೃಶ್ಯವಿದೆ. ಎಂದೂ ಗುಡಿಸದ ಕೋಣೆಯನ್ನು ಒಬ್ಬಾತ ಗುಡಿಸತೊಡಗುತ್ತಾನೆ, ದೂಳೆದ್ದು ಉಸಿರು ಕಟ್ಟುತ್ತದೆ. ಆಗ ಹುಡುಗಿಯೊಬ್ಬಳು ನೀರು ಚಿಮುಕಿಸುತ್ತಾಳೆ. ದೂಳು ಅಡಗಿ ಕೋಣೆ ಸುಲಭವಾಗಿ ಚೊಕ್ಕಟವಾಗುತ್ತದೆ. ಕೋಣೆ ಮನುಷ್ಯನ ಹೃದಯ, ದೂಳು ಪಾಪ, ಮೊದಲು ಗುಡಿಸಿದಾತ ಧರ್ಮಶಾಸ್ತ್ರದ ಕಟ್ಟಳೆ, ನೀರು ಚಿಮುಕಿಸಿದ ಹುಡುಗಿ ಸುವಾರ್ತೆ. ಕಟ್ಟಳೆ ಪಾಪವನ್ನು ಎಬ್ಬಿಸಿ ತೋರಿಸುತ್ತದೆಯೇ ಹೊರತು ಹೊರಹಾಕಲಾರದು. ಬೆಳಗ್ಗೆ ನೀರು ಚಿಮುಕಿಸಿ ಅಂಗಳ ಗುಡಿಸುವವರಿಗೆ ಇದು ದೇವಶಾಸ್ತ್ರವಾಗುವ ಮೊದಲು ಅನುಭವ. ಬನ್ಯನ್ ಪಾತ್ರೆ ರಿಪೇರಿ ಮಾಡುವ ಕಸುಬಿನವರ ಮಗ. ಅದೇ ಕಸುಬು ಮಾಡಿದವರು. ಮನೆಗೆಲಸದ ಸೂಕ್ಷ್ಮಗಳು ಅವರ ಕಣ್ಣು ತಪ್ಪಲಿಲ್ಲ.

ಬನ್ಯನ್ನರ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಈ ಹವ್ಯಾಸ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿತ್ತು. ಬಿಷಪ್ ಜೋಸೆಫ್ ಹಾಲ್ 1630ರಲ್ಲಿ ಇಂಥ ಕಿರುಧ್ಯಾನಗಳ ಸಂಗ್ರಹ ತಂದರು. ಕೋಣೆಯೊಳಗೆ ಬಂದ ಪುಟ್ಟ ಹಕ್ಕಿ ಮುಂದಿನ ತುತ್ತು ಎಲ್ಲಿ ಸಿಗುವುದೆಂದು ತಿಳಿಯದೆಯೂ ಹಾಡುತ್ತಿದೆ, ಎಲ್ಲ ಇದ್ದೂ ಮನುಷ್ಯನಿಗೆ ಚಿಂತೆ ತಪ್ಪಿಲ್ಲ ಎಂಬಂಥ ಟಿಪ್ಪಣಿಗಳು ಅದರಲ್ಲಿವೆ. ಡಾರ್ಟ್‌ಮತ್ ಎಂಬ ಬಂದರು ಊರಿನ ಪಾದ್ರಿ ಜಾನ್ ಫ್ಲಾವೆಲ್ ನಾವಿಕರಿಗಾಗಿ ಹಡಗಿನ ಕೆಲಸದಿಂದಲೂ, ರೈತರಿಗಾಗಿ ಬೇಸಾಯದಿಂದಲೂ ಪಾಠಗಳನ್ನು ಹೆಕ್ಕಿ ಪುಸ್ತಕ ಬರೆದರು. ಬೇಸಾಯದ ಪುಸ್ತಕದ ಅಧ್ಯಾಯಗಳು ಒಂದೇ ಕ್ರಮದಲ್ಲಿ ಸಾಗುತ್ತವೆ: ಮೊದಲು ಹೊಲದಲ್ಲಿ ಕಂಡದ್ದು, ಆಮೇಲೆ ಅದರ ಅನ್ವಯ, ಆಮೇಲೆ ಆತ್ಮವಿಮರ್ಶೆ. ಅನಿಲಗಳ ಒತ್ತಡದ ನಿಯಮದಿಂದ ಪ್ರಸಿದ್ಧರಾದ ವಿಜ್ಞಾನಿ ರಾಬರ್ಟ್ ಬಾಯ್ಲ್ ಕೂಡ 1665ರಲ್ಲಿ ಇಂಥದೊಂದು ಪುಸ್ತಕ ಪ್ರಕಟಿಸಿದರು. ಅಪರಿಚಿತ ಜಾಗದಲ್ಲಿ ಒಡೆಯನನ್ನು ಕಳೆದುಕೊಳ್ಳದಂತೆ ಜಾಗ್ರತೆಯಿಂದಿರುವ ತಮ್ಮ ನಾಯಿಯ ನಡವಳಿಕೆಯಲ್ಲೂ ಅವರಿಗೆ ಭಕ್ತನ ಪಾಠ ಸಿಕ್ಕಿತು.

ಬೆಳೆ ಅತಿಯಾದಾಗ ಕಳೆಯೂ ಬಂತು. ಬಾಯ್ಲರ ಧ್ಯಾನಗಳನ್ನು ಮನೆಯೊಡತಿಗೆ ಓದಿ ಹೇಳುತ್ತಾ ಬೇಸತ್ತ ಪಾದ್ರಿ ಜೋನಥನ್ ಸ್ವಿಫ್ಟ್, ಒಂದು ದಿನ ತಾವೇ ಬರೆದ ಪೊರಕೆಕೋಲಿನ ಧ್ಯಾನವನ್ನು ಬಾಯ್ಲರದೆಂಬಂತೆ ಗಂಭೀರವಾಗಿ ಓದಿದರೆಂಬ ಕಥೆ ಪ್ರಸಿದ್ಧ. ಪೊರಕೆಯೆಂದರೆ ತಲೆಕೆಳಗಾದ ಮರ, ಮನುಷ್ಯನೂ ತಲೆಕೆಳಗಾದ ಜೀವಿಯೇ ಎಂದು ಸಾಗುವ ಆ ಬರಹ 1710ರಲ್ಲಿ ಅಚ್ಚಾಯಿತು. ಅದರಲ್ಲಿ ಧ್ಯಾನದ ಶೈಲಿಯ ಎಲ್ಲ ಲಕ್ಷಣಗಳಿವೆ. ಪೊರಕೆಯ ಕೆಲಸದ ಅನುಭವವೊಂದಿಲ್ಲ. ಬೇಕೆಂದೇ ಹಾಗೆ ಬರೆದದ್ದು. ಬನ್ಯನ್ನರ ಪೊರಕೆ ನಿಜವಾಗಿ ಕಸ ಗುಡಿಸುತ್ತದೆ, ದೂಳೆಬ್ಬಿಸುತ್ತದೆ. ಸ್ವಿಫ್ಟರ ಪೊರಕೆ ಮಾತಿನ ನೆಪ ಮಾತ್ರ. ಪಾಠವನ್ನು ತೆಗೆದುಹಾಕಿದ ಮೇಲೂ ವಸ್ತುವಿನ ಬಗ್ಗೆ ಹೇಳಿದ್ದು ನಿಜವಾಗಿ ಉಳಿಯುತ್ತದೆಯೇ ಎಂದು ಕೇಳಿಕೊಂಡರೆ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿದುಬಿಡುತ್ತದೆ.

ಈ ಕಣ್ಣನ್ನು ಅಭ್ಯಾಸದಿಂದ ಪಡೆಯಬಹುದೆಂದು ನಂಬಿದವರು ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಸ್ಪರ್ಜನ್. ಪ್ರಸಂಗಕ್ಕೆ ದೃಷ್ಟಾಂತ ಸಿಗುವುದಿಲ್ಲವೆಂದು ಕೊರಗುವ ವಿದ್ಯಾರ್ಥಿಗಳಿಗೆ ಅವರು ಮೇಣದ ಬತ್ತಿಯನ್ನೇ ತೋರಿಸಿದರು. ಆ ಉಪನ್ಯಾಸ ಬೆಳೆದು 1890ರಲ್ಲಿ ಪುಸ್ತಕವಾಯಿತು. ಪೆಟ್ಟಿಗೆಯಲ್ಲೇ ಉಳಿದ ಅಂದದ ಬತ್ತಿಗಿಂತ ಉರಿಯುವ ಪುಟ್ಟ ಬತ್ತಿ ಮೇಲು. ಒಂದು ಬತ್ತಿಯಿಂದ ಇನ್ನೊಂದನ್ನು ಹೊತ್ತಿಸಿದರೆ ಮೊದಲನೆಯದರ ಬೆಳಕು ಕಡಿಮೆಯಾಗುವುದಿಲ್ಲ. ಕಂಡೂ ಕಾಣದಂತಿದ್ದ ಸಂಗತಿಗಳನ್ನು ಒಂದೊಂದಾಗಿ ಎತ್ತಿ ಹಿಡಿಯುವುದಷ್ಟೇ ಅಲ್ಲಿನ ಜಾಣ್ಮೆ.

ಕೆಲವೆಡೆ ಈ ಅಭ್ಯಾಸ ಒಬ್ಬೊಬ್ಬರ ಹವ್ಯಾಸವಾಗಿ ಉಳಿಯದೆ ಇಡೀ ಸಮುದಾಯದ ಹಬ್ಬವಾಗಿದೆ. ಕರಾವಳಿಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನ ಜನ್ಮದಿನವನ್ನು ಮೊಂತಿ ಫೆಸ್ತ್ ಎಂದು ಆಚರಿಸುವಾಗ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ಒಂಬತ್ತು ದಿನದ ನೊವೆನಾದಲ್ಲಿ ಮಕ್ಕಳು ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಪ್ರತಿ ಮನೆಗೂ ಬರುತ್ತದೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿಸಿ, ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ದೂರದ ಊರುಗಳಲ್ಲಿರುವ ಮನೆಮಂದಿಗೆ ಕಾಳುಗಳನ್ನು ಅಂಚೆಯಲ್ಲಿ ಕಳಿಸುವ ರೂಢಿಯೂ ಇತ್ತು. ಕಾಳು ಮಣ್ಣಿಗೆ ಬಿದ್ದು ಸಾಯದೆ ಫಲ ಕೊಡದು ಎಂಬ ಯೋಹಾನನ ಸುವಾರ್ತೆಯ ಮಾತನ್ನು ಇಲ್ಲಿ ಮಕ್ಕಳು ಕಿವಿಯಿಂದ ಕೇಳುವ ಮೊದಲು ನಾಲಿಗೆಯಲ್ಲಿ ರುಚಿ ನೋಡಿರುತ್ತಾರೆ.

ಎಲ್ಲ ಕಸುಬಿಗೂ ಇರುವಂತೆ ಇದಕ್ಕೂ ಒಂದು ಗಡಿಯಿದೆ, ಅದನ್ನು ಹಾಕಿದವರೂ ಯೇಸುವೇ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿ ಎಂದರು. ಹುಟ್ಟುಕುರುಡನ ಕುರುಡುತನಕ್ಕೆ ಯಾರ ಪಾಪ ಕಾರಣ ಎಂಬ ಶಿಷ್ಯರ ಪ್ರಶ್ನೆಯನ್ನೂ ಒಪ್ಪಲಿಲ್ಲ. ಹುಳಿ ಹೇಗೆ ಹರಡುತ್ತದೆ, ಬೀಜ ಹೇಗೆ ಮೊಳೆಯುತ್ತದೆ ಎಂಬುದರಿಂದ ಪಾಠ ಕಲಿಯಬಹುದು; ನೆರೆಮನೆಯವರ ಕಾಯಿಲೆ, ಅಪಘಾತ, ನಷ್ಟಗಳಲ್ಲಿ ದೇವರ ತೀರ್ಪನ್ನು ಓದುವುದು ಈ ಹವ್ಯಾಸದ ಪಾಲಿಗೆ ಬಂದ ಕೆಲಸವಲ್ಲ. ಹೀಗೆ ಕಂಡುಕೊಂಡ ಪಾಠ ಮೊದಲು ಸಲ್ಲಬೇಕಾದದ್ದು ಕಂಡವರಿಗೇ. ಫ್ಲಾವೆಲರ ಅಧ್ಯಾಯಗಳಲ್ಲಿ ಅನ್ವಯವಾದ ಬಳಿಕ ಆತ್ಮವಿಮರ್ಶೆ ಬರುವುದು ಇದಕ್ಕಾಗಿಯೇ.