ಕಿರುವಿಮಾನವೂ ಕೈಬೆರಳೂ

ಮನೆಯಲ್ಲಿ ಹರೆಯದ ಹುಡುಗರಿರುವ ಗೃಹಸ್ಥರಿಗೆ ಏನಾದರೂ ಪ್ರಯೋಜನವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ಆಟದ ವಿಮಾನವೆಂದೊಡನೆ ಓದುಗರ ಕಣ್ಣಿಗೆ ಜಾತ್ರೆಯಲ್ಲಿ ಮಾರುವ ತಗಡಿನ ಬೊಂಬೆಯೋ, ತರಗತಿಯಲ್ಲಿ ಹುಡುಗರು ಮಡಿಸಿ ಹಾರಿಬಿಡುವ ಕಾಗದದ ಬಾಣವೋ ಕಾಣಿಸೀತು. (ಈ ಎರಡನೆಯದು ನಮ್ಮ ಬೆನ್ನಿಗೆ ಎಷ್ಟು ಸಲ ತಗುಲಿತೆಂಬ ಲೆಕ್ಕವನ್ನು ನಾವು ಇಟ್ಟಿಲ್ಲ.) ನಾವು ಹೇಳಹೊರಟಿರುವ ವಿಮಾನ ಬೊಂಬೆಯೂ ಅಲ್ಲ, ಬಾಣವೂ ಅಲ್ಲ. ಅದರ ರೆಕ್ಕೆ ತುದಿಯಿಂದ ತುದಿಗೆ ಏಳು ಅಡಿಗೂ ಮಿಗಿಲು. ತೂಕ ಏಳೆಂಟು ಕಿಲೋಗ್ರಾಂ. ಮೂಗಿನಲ್ಲಿ 55 ಸಿ.ಸಿ.ಯ ಪೆಟ್ರೋಲ್ ಎಂಜಿನ್ನು. ಮೊಪೆಡ್ಡುಗಳಲ್ಲಿ ಇದಕ್ಕಿಂತ ಸಣ್ಣ ಎಂಜಿನ್ನುಗಳಿದ್ದುವೆಂಬುದನ್ನು ನೆನೆದರೆ ಇದರ ಬಲ ಎಷ್ಟೆಂಬುದು ಊಹೆಗೆ ಬಂದೀತು.

ಇಂಥ ವಿಮಾನವೊಂದು ನಮ್ಮ ತಂಗಿಯ ಮನೆಯ ನಡುಮನೆಯಲ್ಲಿ ಎರಡು ವರ್ಷಗಳಿಂದ ಗೋಡೆಗೊರಗಿ ನಿಂತಿದೆ. ಅದರ ಒಡೆಯನಾದ ನಮ್ಮ ಸೋದರಳಿಯನು ಕಾಲೇಜಿನಲ್ಲಿ ಎನ್.ಸಿ.ಸಿ.ಯ ವಾಯುದಳಕ್ಕೆ ಸೇರಿ, ಅಲ್ಲಿ ಮಾದರಿ ವಿಮಾನಗಳನ್ನು ಕಟ್ಟುವ ವಿದ್ಯೆಯನ್ನು ಕಲಿತನು. ಉಳಿದುದನ್ನೆಲ್ಲ ಮರೆತನು, ಇದನ್ನು ಮರೆಯಲಿಲ್ಲ. ಭಾನುವಾರ ಬೆಳಗಾಯಿತೆಂದರೆ ಅವನೂ ಅವನ ಗೆಳೆಯರೂ ಊರ ಹೊರಗಿನ ಬತ್ತಿದ ಕೆರೆಯಂಗಳಕ್ಕೆ ಹೊರಡುವರು. ವಿಮಾನದ ಬಾಲವನ್ನು ಹಿಡಿಯಲು ಒಬ್ಬರು ಬೇಕಾದುದರಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತಿರುವ ನಮ್ಮನ್ನೂ ಕರೆದೊಯ್ಯುವುದು ರೂಢಿಯಾಗಿದೆ. ನಲವತ್ತು ವರ್ಷ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರಿಗೆ ವಿಮಾನದ ಬಾಲ ಸಿಕ್ಕಿತಲ್ಲಾ ಎಂದು ನಗುವವರು ನಗಲಿ.

ವಿಮಾನ ಮೇಲಕ್ಕೆ ಹೋದಮೇಲೆ ಆಗಬಹುದಾದ ಅಪಾಯಗಳು ಬೇರೆ; ಅವುಗಳಿಗೆ ಸರಕಾರದ ಕಟ್ಟಳೆಗಳಿವೆ. ಯಾವ ಕಟ್ಟಳೆಯೂ ಬಂದು ಕೈ ಹಿಡಿಯಲಾರದ ಗಳಿಗೆ ಇನ್ನೊಂದಿದೆ. ಅದು ನೆಲದ ಮೇಲೆ ನಿಂತ ವಿಮಾನದ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಎಂಜಿನ್ನನ್ನು ಚಾಲೂ ಮಾಡುವ ಗಳಿಗೆ. ಈ ಅಳತೆಯ ಎಂಜಿನ್ನಿಗೆ ಸುಮಾರು 22 ಅಂಗುಲದ ಪ್ರೊಪೆಲ್ಲರು. ಎಂಜಿನ್ನು ನಿಮಿಷಕ್ಕೆ 1500 ಸುತ್ತಿನಂತೆ ಮೆಲ್ಲನೆ ಗೊಣಗುತ್ತಿರುವಾಗಲೂ ಅದರ ಎರಡು ಅಲಗುಗಳು ಒಂದೇ ಸ್ಥಾನವನ್ನು ಸೆಕೆಂಡಿಗೆ ಐವತ್ತು ಬಾರಿ ಹಾದುಹೋಗುತ್ತವೆ. 7000 ಸುತ್ತು ತಿರುಗುವಾಗ ಅಲಗಿನ ತುದಿಯ ವೇಗ ಗಂಟೆಗೆ 730 ಕಿಲೋಮೀಟರಿಗೂ ಹೆಚ್ಚು. ಕಣ್ಣಿಗೆ ಮಾತ್ರ ಅಲ್ಲಿ ತೆಳುವಾದ ಮಂಜಿನ ಪರದೆಯಂತೆ ಏನೋ ಕಾಣುವುದೇ ಹೊರತು ಅಲಗು ಕಾಣಿಸುವುದೇ ಇಲ್ಲ. ಅದಕ್ಕಾಗಿಯೇ ತಿಳಿದವರು ತುದಿಗಳಿಗೆ ಬಿಳಿಯ ಅಥವಾ ಹಳದಿಯ ಬಣ್ಣ ಬಳಿಯುತ್ತಾರೆ; ಆಗ ತಿರುಗುವ ಚಕ್ರದ ಅಂಚಾದರೂ ತೋರುತ್ತದೆ.

ಪೆಟ್ರೋಲ್ ಎಂಜಿನ್ನು ಏಕೆ ವಿಶೇಷವಾಗಿ ಕಪಟಿಯೆಂಬುದನ್ನು ಹುಡುಗನು ನಮಗೆ ವಿವರಿಸಿದನು. ಮೆಥನಾಲಿನಿಂದ ನಡೆಯುವ ಸಣ್ಣ ಎಂಜಿನ್ನುಗಳಲ್ಲಿ, ಆರಂಭದಲ್ಲಿ ಬ್ಯಾಟರಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ಅದರ ತಂತಿಯನ್ನು ಕೆಂಪಗೆ ಕಾಯಿಸಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗಲ್ಲ. ಪ್ರೊಪೆಲ್ಲರನ್ನು ಕೂರಿಸುವ ಗುಂಬದಲ್ಲಿ ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ಅದು ಪಕ್ಕದ ಸಂವೇದಕವನ್ನು ಹಾದುಹೋದಾಗ ಇಗ್ನಿಷನ್ ಪೆಟ್ಟಿಗೆಯು ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತದೆ. ಸ್ವಿಚ್ಚು ಹಾಕಿದ್ದರೆ, ಹಾಯಿಸಿದವನು ಚಾಲೂ ಮಾಡಬೇಕೆಂದು ಹಾಯಿಸಿದನೋ ಸುಮ್ಮನೆ ಮುಟ್ಟಿದನೋ ಎಂಬ ವಿವೇಚನೆ ಆ ಪೆಟ್ಟಿಗೆಗೆ ಇಲ್ಲ. ಸಿಲಿಂಡರಿನಲ್ಲಿ ಪೆಟ್ರೋಲಿನ ಆವಿ ಉಳಿದಿದ್ದರೆ ಅರ್ಧ ಸುತ್ತೂ ಸಾಕು.

ಅದು ಸಾಕಾದುದನ್ನು ನಾವು ಕಣ್ಣಾರೆ ಕಂಡೆವು. ಕಳೆದ ಮಾಘಮಾಸದಲ್ಲಿ, ಹಾರಾಟವೆಲ್ಲ ಮುಗಿದು, ವಿಮಾನವನ್ನು ಕಾರಿಗೆ ಏರಿಸುವ ಮುಂಚೆ ಹುಡುಗನ ಗೆಳೆಯನೊಬ್ಬನು ಪ್ರೊಪೆಲ್ಲರು ಅಡ್ಡಲಾಗಿ ನಿಲ್ಲಲೆಂದು ಎರಡು ಬೆರಳಿನಿಂದ ಅದನ್ನು ಮೆಲ್ಲನೆ ಸರಿಸಿದನು. ಚಾಲೂ ಮಾಡುವ ಯೋಚನೆ ಅವನ ಕನಸಿನಲ್ಲಿಯೂ ಇರಲಿಲ್ಲ. ಸ್ವಿಚ್ಚು ಹಾಕಿದ್ದಂತೆಯೇ ಇತ್ತು. ಎಂಜಿನ್ನು ಒಂದೇ ಒಂದು ಸಲ ಸಿಡಿಯಿತು, ಓಡಲೂ ಇಲ್ಲ. ಆ ಒಂದು ಸಿಡಿತಕ್ಕೆ ಎರಡು ಬೆರಳುಗಳು ಮೂಳೆಯವರೆಗೆ ಸೀಳಿದುವು. ಒಂದು ಹೆಗಲವಸ್ತ್ರವನ್ನು ಬಿಗಿದು ಆಸ್ಪತ್ರೆಗೆ ಒಯ್ದೆವು. ಬೆರಳುಗಳು ಉಳಿದುವು, ಒಂದರ ತುದಿ ಇಂದಿಗೂ ಮಡಿಸಲು ಬಾರದು. ಆತನು ವೀಣೆ ಕಲಿಯುತ್ತಿದ್ದ ಹುಡುಗ.

ಅಂದು ಸಂಜೆ ನಮ್ಮ ತಂಗಿ, "ಅಣ್ಣ, ನೀನಾದರೂ ಒಂದು ಮಾತು ಹೇಳಿ ಇದನ್ನು ನಿಲ್ಲಿಸು," ಎಂದಳು. ನಾವು ಎರಡು ದಿನ ಯೋಚಿಸಿ, ನಿಲ್ಲಿಸುವುದಿಲ್ಲ, ಕ್ರಮಕ್ಕೆ ತರುತ್ತೇವೆ ಎಂದೆವು. ಹುಡುಗರ ಕೈಯಿಂದ ಒಂದು ಯಂತ್ರವನ್ನು ಕಸಿದರೆ ಅವರು ಅದಕ್ಕಿಂತ ಕೆಟ್ಟದೊಂದನ್ನು ಹುಡುಕಿಕೊಳ್ಳುವರೆಂಬುದು ಉಪಾಧ್ಯಾಯ ವೃತ್ತಿಯಲ್ಲಿ ನಮಗೆ ಸಿಕ್ಕಿದ ತಿಳಿವಳಿಕೆ.

ಕ್ರಮವೆಂದೆವಷ್ಟೆ. ಪೂರ್ವಮೀಮಾಂಸೆಯವರು ಯಜ್ಞದ ಕೆಲಸಗಳಲ್ಲಿ ಯಾವುದು ಮೊದಲು ಯಾವುದು ಅನಂತರ ಎಂಬುದನ್ನು ನಿರ್ಣಯಿಸಲು ಆರು ಪ್ರಮಾಣಗಳನ್ನು ಹೇಳುತ್ತಾರೆ. ಅವುಗಳಲ್ಲಿ ಪಾಠಕ್ರಮವೆಂದರೆ ಬರೆದಿರುವ ಅನುಕ್ರಮ; ಅರ್ಥಕ್ರಮವೆಂದರೆ ಪ್ರಯೋಜನಕ್ಕೆ ತಕ್ಕ ಅನುಕ್ರಮ. ಎರಡಕ್ಕೂ ವಿರೋಧ ಬಂದರೆ ಅರ್ಥಕ್ರಮವೇ ಬಲವತ್ತರ. ಅಗ್ನಿಹೋತ್ರವನ್ನು ಹೋಮಮಾಡುವ ಮಾತು ಮೊದಲು ಬಂದು ಗಂಜಿ ಬೇಯಿಸುವ ಮಾತು ಆಮೇಲೆ ಬಂದಿದ್ದರೂ, ಗಂಜಿಯನ್ನು ಬೇಯಿಸದೆ ಹೋಮಿಸುವುದೇನನ್ನು? ಆದುದರಿಂದ ಮೊದಲು ಗಂಜಿ. ಎಂಜಿನ್ನಿನೊಡನೆ ಬಂದ ಕೈಪಿಡಿಯನ್ನು ಹುಡುಗನು ನಮಗೆ ಓದಿ ಹೇಳಿದಾಗ ನಮಗೆ ಈ ಗಂಜಿಯ ನೆನಪಾಯಿತು. ಅದರಲ್ಲಿ ಚಾಲೂ ಮಾಡುವ ವಿಧಾನವೆಲ್ಲ ಮುಗಿದಮೇಲೆ, ಕಟ್ಟಕಡೆಗೆ, ವಿಮಾನವನ್ನು ಭದ್ರವಾಗಿ ಹಿಡಿದಿರಬೇಕೆಂದು ಎರಡು ಸಾಲು ಅಚ್ಚಾಗಿತ್ತು!

ನಾವಿಬ್ಬರೂ ಕುಳಿತು ಅರ್ಥಕ್ರಮದಿಂದ ಅದನ್ನು ತಿರುಗಿ ಬರೆದೆವು. ಮೊದಲು ಪ್ರೊಪೆಲ್ಲರಿನ ಪರೀಕ್ಷೆ: ಅಲಗಿನಲ್ಲಿ ಬಿರುಕಾಗಲಿ ಕಚ್ಚಾಗಲಿ ಕಂಡರೆ ಅಂಟು ಹಾಕಿ ಬಳಸದೆ ಎಸೆಯತಕ್ಕದ್ದು, ಅದನ್ನು ಬಿಗಿದ ತಿರುಪುಗಳನ್ನು, ಮರದ ಪ್ರೊಪೆಲ್ಲರಾದರೆ ವಿಶೇಷವಾಗಿ, ಮತ್ತೆ ಬಿಗಿದು ನೋಡತಕ್ಕದ್ದು, ಏಕೆಂದರೆ ಮರವು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಹೊಸ ಅಲಗಿನ ಹರಿತವಾದ ಅಂಚನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಮೊಂಡು ಮಾಡಬೇಕು. ಆಮೇಲೆ ಬಂಧನ: ಬಾಲದಿಂದ ಹಗ್ಗವೊಂದನ್ನು ನೆಲಕ್ಕೆ ಹೊಡೆದ ಗೂಟಕ್ಕೆ ಕಟ್ಟುವುದು, ಗಾಲಿಗಳಿಗೆ ತಡೆ ಕೊಡುವುದು, ಇಷ್ಟಾದರೂ ಒಬ್ಬರು ಬಾಲದ ರೆಕ್ಕೆಯ ಮುಂದೆ ಕಾಲಿಟ್ಟು ಕುಳಿತು ಹಿಡಿಯುವುದು. ಈ ಎಂಜಿನ್ನು ಪೂರ್ಣಬಲದಲ್ಲಿ ಹತ್ತು ಕಿಲೋಗ್ರಾಂಗೂ ಮೇಲ್ಪಟ್ಟು ಎಳೆಯಬಲ್ಲದು. ಅಂದರೆ ತನ್ನ ತೂಕಕ್ಕಿಂತ ಹೆಚ್ಚು. ಹಿಡಿಯದೆ ಬಿಟ್ಟರೆ ಎದುರಿಗೆ ಬಾಗಿ ನಿಂತವನ ಮೇಲೆಯೇ ಬರುತ್ತದೆ.

ಅನಂತರ ಟ್ರಾನ್ಸ್‌ಮಿಟರನ್ನು ಹಚ್ಚಿ, ಅದರ ಸನ್ನೆಗೆ ಥ್ರಾಟಲ್ ಸರಿಯಾಗಿ ತೆರೆದು ಮುಚ್ಚುವುದೇ ಎಂದು ನೋಡಬೇಕು. ದೂರದಿಂದಲೇ ಇಗ್ನಿಷನ್ನನ್ನು ಆರಿಸುವ ಸ್ವಿಚ್ಚೊಂದನ್ನು ಹುಡುಗನು ಹಾಕಿಸಿದ್ದಾನೆ. ಅದಕ್ಕೆ ಕೊಟ್ಟ ಹಣ ಸದ್ವಿನಿಯೋಗವೆಂದು ನಮ್ಮ ಅಭಿಪ್ರಾಯ. ಇಷ್ಟಾದಮೇಲೆ ಇಗ್ನಿಷನ್ ಆರಿಸಿರುವಂತೆಯೇ, ಚೋಕನ್ನು ಮುಚ್ಚಿ, ನಾಲ್ಕಾರು ಸಲ ಪ್ರೊಪೆಲ್ಲರನ್ನು ತಿರುಗಿಸಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಎಳೆದುಕೊಳ್ಳುವಂತೆ ಮಾಡುವುದು. ಆಗ ಇಗ್ನಿಷನ್ ಹಾಕಿ, ಥ್ರಾಟಲನ್ನು ತೀರ ಕೆಳಗಿಟ್ಟು, ಎಂಜಿನ್ನು ಒಂದು ಸಲ ಕೆಮ್ಮುವವರೆಗೆ ತಿರುಗಿಸುವುದು. ಕೆಮ್ಮಿತೆಂದರೆ ಇಗ್ನಿಷನ್ನನ್ನು ಆರಿಸಿ, ಚೋಕನ್ನು ತೆರೆದು, ಮತ್ತೆ ಹಾಕಿ, ಎರಡು ಮೂರು ಏಟಿಗೆ ಚಾಲೂ. ಥ್ರಾಟಲ್ ಪೂರ್ತಿ ತೆರೆದಿರುವಾಗ ಇಗ್ನಿಷನ್ ಹಾಕಿ ಪ್ರೊಪೆಲ್ಲರನ್ನು ಮುಟ್ಟುವವನು ತನ್ನ ಕೈಯ ಆಸೆಯನ್ನು ಬಿಟ್ಟವನೆಂದೇ ತಿಳಿಯತಕ್ಕದ್ದು.

ಏಟು ಕೊಡುವುದರಲ್ಲಿಯೂ ಹದವಿದೆ. ಎದುರಿಗೆ ನಿಂತವನಿಗೆ ಎಡಗಡೆಯ ಅಲಗು ಕೆಳಕ್ಕೆ ಬರುವುದು. ದಪ್ಪನೆಯ ಚರ್ಮದ ಕೈಚೀಲ ತೊಟ್ಟು, ಬೆರಳುಗಳನ್ನು ಅಲಗಿನ ಹಿಂದಕ್ಕೆ ಕೊಕ್ಕೆಯಂತೆ ಬಾಗಿಸದೆ, ನೀಳವಾಗಿಟ್ಟು, ಹೊಡೆತದೊಡನೆಯೇ ಕೈ ಚಕ್ರದ ಆಚೆಗೆ ಹೊರಟುಹೋಗುವಂತೆ ಬೀಸಬೇಕು. ಅಳುಕಿ ಮೆಲ್ಲನೆ ತಳ್ಳುವವನಿಗೇ ಹೆಚ್ಚು ಅಪಾಯ. ಪಿಸ್ಟನ್ನು ಮೇಲಿನ ತುದಿಯನ್ನು ದಾಟುವಷ್ಟು ವೇಗವಿಲ್ಲದೆ, ಕಿಡಿ ಹತ್ತಿದೊಡನೆ ಹಿಂದಕ್ಕೆ ಒದೆಯುವುದು, ಅಲಗು ಬಂದ ದಾರಿಯಲ್ಲೇ ಮರಳಿ ಬೆರಳಿಗೆ ಬಡಿಯುವುದು. ನಮ್ಮ ಬಾಲ್ಯದಲ್ಲಿ ತೋಟದ ಬಾವಿಯ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆಯುವಾಗ ಹಿರಿಯರು ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಡಿಸುತ್ತಿದ್ದುದೂ ಈ ಒದೆತಕ್ಕೆ ಹೆದರಿಯೇ. ಕೈಯನ್ನೇ ಒಡ್ಡಲಾರೆನೆನ್ನುವವನು ರಬ್ಬರ್ ಹೊದಿಸಿದ ದೊಣ್ಣೆಯಿಂದ ಹೊಡೆಯಲಿ. ಅದರಲ್ಲಿ ಅವಮಾನವೇನೂ ಇಲ್ಲ.

ಆದರೆ ಗೆಳೆಯನ ಬೆರಳನ್ನು ಸೀಳಿದುದು ಈ ಯಾವುದರ ಲೋಪವೂ ಅಲ್ಲ. ಸ್ವಿಚ್ಚು ಆರಿದೆಯೆಂಬ ನಂಬಿಕೆ, ಅಷ್ಟೆ. ಇದಕ್ಕೆ ಮದ್ದನ್ನು ನಾವು ದೊಡ್ಡ ವಿಮಾನಗಳವರಿಂದ ತೆಗೆದುಕೊಂಡೆವು. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಮುಂತಾದ ವಿಮಾನಗಳನ್ನು ನೆಲದ ಮೇಲೆ ನಿಂತ ಒಬ್ಬನು ಪ್ರೊಪೆಲ್ಲರನ್ನು ಕೈಯಿಂದ ಬೀಸಿಯೇ ಚಾಲೂ ಮಾಡುತ್ತಿದ್ದನು. ಕೆಳಗಿನವನು "ಸ್ವಿಚ್ ಆಫ್" ಎಂದು ಕೂಗಬೇಕು. ಒಳಗಿನವನು ಸ್ವಿಚ್ಚನ್ನು ನೋಡಿ ಅದನ್ನೇ ಮರಳಿ ಕೂಗಬೇಕು. "ಕಾಂಟ್ಯಾಕ್ಟ್" ಎಂದಾಗಲೂ ಹಾಗೆಯೇ. ಮರುನುಡಿ ಕೇಳಿಸದೆ ಅಲಗನ್ನು ಮುಟ್ಟುವಂತಿಲ್ಲ. ಈಗ ನಮ್ಮ ಕೆರೆಯಂಗಳದಲ್ಲಿಯೂ ಅದೇ ಪದ್ಧತಿ. "ಮಾವ, ಆಫ್!" ಎಂದು ಅವನು, "ಆಫ್!" ಎಂದು ದೀಪವನ್ನು ನೋಡಿ ನಾವು. ಇಷ್ಟಾದರೂ ಅಲಗನ್ನು ಮುಟ್ಟುವಾಗ ಅದು ಹಚ್ಚಿಯೇ ಇದೆಯೆಂದು ಎಣಿಸಿ ಮುಟ್ಟಬೇಕೆಂಬುದು ಒಪ್ಪಂದ. ಹಾರಾಟ ಮುಗಿದಮೇಲೆ ಸ್ವಿಚ್ಚನ್ನಷ್ಟೇ ಅಲ್ಲ, ಇಗ್ನಿಷನ್ನಿನ ಬ್ಯಾಟರಿಯ ತಂತಿಯನ್ನೇ ಕಳಚಿ ನಮ್ಮ ಅಂಗೈಗೆ ಕೊಡುವವರೆಗೆ ಪ್ರೊಪೆಲ್ಲರನ್ನು ಯಾರೂ ಸರಿಸುವುದಿಲ್ಲ.

ಉಡುಪಿನ ಮಾತೊಂದಿದೆ. ಟ್ರಾನ್ಸ್‌ಮಿಟರನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ಜೋಲುವ ತೋಳಿನ ಅಂಗಿ, ಉತ್ತರೀಯ, ಇವೆಲ್ಲ ಚಕ್ರಕ್ಕೆ ಸಿಕ್ಕಿದರೆ ಕೈಯನ್ನೋ ಕೊರಳನ್ನೋ ಜೊತೆಗೆ ಎಳೆಯುತ್ತವೆ. ನಾವು ಉತ್ತರೀಯವನ್ನು ಕಾರಿನಲ್ಲಿಯೇ ಬಿಟ್ಟು ಇಳಿಯುತ್ತೇವೆ. ಎಂಜಿನ್ನು ಓಡತೊಡಗಿದಮೇಲೆ ಸೂಜಿತಿರುಪನ್ನು ಹೊಂದಿಸಬೇಕಾದರೆ ಸುತ್ತಿ ಹಿಂದಕ್ಕೆ ಬಂದು ಹೊಂದಿಸಬೇಕೇ ಹೊರತು ಅಲಗಿನ ಮೇಲಿಂದ ಕೈ ಚಾಚಬಾರದು. ನೋಡಲು ಬಂದ ಮಕ್ಕಳನ್ನು ಚಕ್ರದ ಪಕ್ಕದ ಸಾಲಿನಲ್ಲಿ ನಿಲ್ಲಗೊಡಬಾರದು. ಅಲಗು ಮುರಿದರೆ ಚೂರು ಹಾರುವುದು ಆ ಕಡೆಗೇ.

ಕೈಯಿಂದಲೇ ಏಕೆ, ವಿದ್ಯುತ್ತಿನ ಸ್ಟಾರ್ಟರುಗಳಿಲ್ಲವೆ ಎಂದು ನಮ್ಮ ತಂಗಿ ಕೇಳುತ್ತಾಳೆ. ಇವೆ, ಮೋಟಾರು ಕಾರಿಗೆ 1912ರಲ್ಲಿ ಕ್ಯಾಡಿಲಾಕ್‌ನವರು ಅಳವಡಿಸಿದುದು ಇಲ್ಲಿಯೂ ದೊರೆಯುತ್ತದೆ. ಆದರೆ ಅದರ ತೂಕ, ಅದರ ಬೆಲೆ, ಅದನ್ನು ಒತ್ತಿ ಹಿಡಿಯುವವನೂ ಅಲಗಿನ ಮುಂದೆಯೇ ನಿಲ್ಲಬೇಕಾದುದು, ಇವನ್ನು ಹುಡುಗನು ಎಣಿಸಿ ಹೇಳುತ್ತಾನೆ. ಈ ವಾದದಲ್ಲಿ ನಾವು ಯಾರ ಪಕ್ಷವನ್ನೂ ವಹಿಸಿಲ್ಲ. ಈಗ ಅವನಿಗೆ ನೂರು ಸಿ.ಸಿ.ಯ ಎಂಜಿನ್ನಿನ ಮೇಲೆ ಕಣ್ಣು ಬಿದ್ದಿದೆ. ಪ್ರೊಪೆಲ್ಲರು 27 ಅಂಗುಲವಂತೆ. ಬಾಲಕ್ಕೆ ಇಬ್ಬರು ಬೇಕೆಂದು ನಾವು ಹೇಳಿದ್ದೇವೆ. ವೀಣೆಯ ಹುಡುಗನು ತಾನು ಬರುತ್ತೇನೆಂದಿದ್ದಾನೆ.