ಲಾರಿಯಲ್ಲಿ ಕಳೆದ ಒಂದಿರುಳು

ಭರಣಿಯಲ್ಲಿಟ್ಟ ಉಪ್ಪು ತಾನಾಗಿ ನೀರಾಗುವ ಊರು ನಮ್ಮದು. ಆಟಿ ತಿಂಗಳಿನಲ್ಲಿ ಒಗೆದು ಹಾಕಿದ ಪಂಚೆಯು ಮೂರು ದಿನ ಕಳೆದರೂ ಒಣಗದು. ಕಪಾಟಿನ ಪುಸ್ತಕಗಳಿಗೆ ಬೂಸಲು ಹಿಡಿಯುವುದು. ಮುರಕಲ್ಲಿನ ಆವರಣದ ಮೇಲೆ ಹಸುರು ಪಾಚಿಯು ಮಖಮಲ್ಲಿನಂತೆ ಹಬ್ಬುವುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿಯಲ್ಲಿ ನೀರಿರುವುದೆಂಬುದು ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ಅದಿಲ್ಲದಾಗ ಏನಾಗುವುದೆಂಬುದನ್ನು ಮಾತ್ರ ನಾನು ಅರುವತ್ತು ದಾಟಿದ ಮೇಲೆ, ಒಂದು ಲಾರಿಯೊಳಗೆ ಮಲಗಿ ಕಲಿಯಬೇಕಾಯಿತು.

ನಮ್ಮ ಮನೆಯಿರುವುದು ಪಟ್ಟಣದ ಪೂರ್ವಕ್ಕೆ, ಶಕ್ತಿನಗರದಲ್ಲಿ. ಸಮೀಪದಲ್ಲೇ ಕುಲಶೇಖರ, ಪದವು ಎಂಬ ಸ್ಥಳಗಳಿವೆ. ಪದವೆಂದರೆ ಗುಡ್ಡದ ನೆತ್ತಿಯ ಮೇಲಣ ಬಯಲು. ಹೆಸರೇ ನೆಲದ ಗುಣವನ್ನು ಹೇಳುತ್ತದೆ. ಈಗ ಇಲ್ಲಿ ಮನೆಗಳು ಒತ್ತಾಗಿ ಎದ್ದಿವೆ. ೨೦೦೯ರಲ್ಲಿ ತೆರೆದ ವಿಶ್ವ ಕೊಂಕಣಿ ಕೇಂದ್ರದಿಂದಾಗಿ ಪರಸ್ಥಳದವರೂ ಈ ಹೆಸರನ್ನು ಬಲ್ಲರು. ಇಲ್ಲಿಂದ ಇಳಿದು ಹೋದರೆ ನಂತೂರಿನ ಕೂಡುರಸ್ತೆ. ಅಲ್ಲಿ ಹೆದ್ದಾರಿಗಳು ಸೇರುವುದರಿಂದ ಹಗಲಿರುಳೆನ್ನದೆ ಲಾರಿಗಳ ಸಾಲು ಹರಿಯುತ್ತಿರುವುದು. ರಾತ್ರಿ ಎಚ್ಚರಾದಾಗ ಆ ಸದ್ದನ್ನು ಕೇಳುತ್ತ ಮಗ್ಗುಲು ತಿರುಗುವುದು ನಮಗೆ ರೂಢಿಯಾಗಿದೆ. ಆ ಲಾರಿಯವರು ಎಲ್ಲಿ ಮಲಗುವರೆಂಬ ಯೋಚನೆ ನನಗೆಂದೂ ಬಂದಿರಲಿಲ್ಲ.

ಕಳೆದ ಜನವರಿಯ ಒಂದು ಮುಂಜಾನೆ ನೆರೆಮನೆಯ ಹೆಣ್ಣುಮಗಳು ಒಂದು ದಿಂಬಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. ಅವಳ ಗಂಡ ಲಾರಿಯ ಚಾಲಕ. ಅವನು ಘಟ್ಟದ ಮೇಲಿಂದ ಹಿಂದಿನ ರಾತ್ರಿ ತಾನೆ ಮರಳಿದ್ದನು.

“ಮಾಸ್ತರರೇ, ಇದನ್ನು ನೋಡಿ. ಕೇಳಿದರೆ ಏನೂ ಇಲ್ಲವೆನ್ನುತ್ತಾರೆ. ನೀವಾದರೂ ಒಂದು ಮಾತು ಕೇಳಬೇಕು,” ಎಂದಳು.

ಚೀಲದ ಮೇಲೆ ಕಂದಿದ ರಕ್ತದ ಕಲೆಗಳಿದ್ದುವು.

ನಾನು ವಿಚಾರಿಸಿದಾಗ ಅವನು ನಕ್ಕನು. ಅವನ ಸೋದರಮಾವ ಹೊಸಪೇಟೆ, ಸಂಡೂರುಗಳಿಂದ ಪಣಂಬೂರಿನ ಬಂದರಕ್ಕೆ ಕಬ್ಬಿಣದ ಅದಿರು ಸಾಗಿಸುತ್ತಿದ್ದವನಂತೆ. ೨೦೧೦ರ ಜುಲೈಯಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆಯುವವರೆಗೆ ಆ ದಾರಿಯಲ್ಲಿ ಕೆಂಪು ಧೂಳಿನ ಲಾರಿಗಳದೇ ರಾಜ್ಯ. “ಮಾವನ ಕರವಸ್ತ್ರ ಯಾವಾಗಲೂ ಕೆಂಪಾಗಿಯೇ ಇರುತ್ತಿತ್ತು, ಮಾಸ್ತರರೇ. ನಾವೆಲ್ಲ ಅದು ಅದಿರಿನ ಮಣ್ಣೆಂದೇ ತಿಳಿದಿದ್ದೆವು. ಈ ಉದ್ಯೋಗದಲ್ಲಿ ಇದೆಲ್ಲ ಇದ್ದದ್ದೇ,” ಎಂದನು.

ಆದರೂ ಬಲವಂತದಿಂದ ಅವನನ್ನು ವೈದ್ಯರ ಬಳಿಗೆ ಕರೆದೊಯ್ದೆನು. ಅವರು ರಕ್ತದ ಒತ್ತಡವನ್ನು ಅಳೆದು, ಮೂಗನ್ನು ಪರೀಕ್ಷಿಸಿ, ಭಯಪಡುವಂಥದೇನೂ ಇಲ್ಲವೆಂದರು. ನಾವು ಒಳಗೆಳೆದ ಉಸಿರನ್ನು ಬೆಚ್ಚಗೆ ಮಾಡಿ, ನೀರಿನ ಪಸೆ ಕೊಟ್ಟು ಶ್ವಾಸಕೋಶಕ್ಕೆ ಕಳುಹಿಸುವುದು ಮೂಗಿನ ಕೆಲಸ. ಗಾಳಿ ತೀರ ಒಣಗಿದ್ದರೆ ಮೂಗು ತನ್ನ ಪಸೆಯನ್ನೆಲ್ಲ ಅದಕ್ಕೆ ತೆತ್ತು ತಾನೇ ಒಣಗುವುದು. ಒಳಗಣ ತೆಳುವಾದ ಪೊರೆ ಬಿರಿಯುವುದು. ಅದರಡಿಯ ಸಣ್ಣ ರಕ್ತನಾಳಗಳು ಒಡೆಯುವುವು. ಮೂಗು ಕಟ್ಟಿದವನು ಬಾಯಿಂದ ಉಸಿರಾಡತೊಡಗಿದರೆ ಗಂಟಲಿಗೂ ಅದೇ ಗತಿ. “ಕಾರಣ ನಿಮ್ಮ ಮೂಗಿನಲ್ಲಿಲ್ಲ, ನೀವು ಮಲಗುವ ಸ್ಥಳದಲ್ಲಿದೆ,” ಎಂದು ವೈದ್ಯರು ಹೇಳಿದರು.

ಆ ಸ್ಥಳವನ್ನು ನೋಡಬೇಕೆಂಬ ಹಟ ನನಗೆ ಹುಟ್ಟಿತು. ಮುಂದಿನ ಸಲ ಅವನು ರಸಗೊಬ್ಬರದ ಮೂಟೆಗಳನ್ನು ಹೇರಿಕೊಂಡು ಗಂಗಾವತಿಗೆ ಹೊರಟಾಗ ನಾನೂ ಲಾರಿಯನ್ನು ಹತ್ತಿದೆನು. ನನ್ನ ಮನೆಯಾಕೆಯು ಎರಡು ಬೈರಾಸು, ಒಂದು ಸೀಸೆ ತೆಂಗಿನೆಣ್ಣೆ ಮತ್ತು ವೈದ್ಯರು ಬರೆದುಕೊಟ್ಟಿದ್ದ ಲವಣಜಲದ ಸೀಸೆಯನ್ನು ಚೀಲಕ್ಕೆ ಹಾಕಿ, “ಆ ಹುಡುಗನಿಗೂ ಹಾಕಿಕೊಳ್ಳಲು ಹೇಳಿ,” ಎಂದು ಎಚ್ಚರಿಸಿದಳು.

ನಸುಕಿನಲ್ಲಿ ಪಡೀಲು, ಬಿ. ಸಿ. ರೋಡು, ಉಪ್ಪಿನಂಗಡಿಗಳನ್ನು ಕಳೆದು ಗುಂಡ್ಯದಲ್ಲಿ ಚಹಾ ಕುಡಿದೆವು. ಶಿರಾಡಿ ಘಟ್ಟದ ಮರಗಳಿಂದ ಮಂಜಿನ ಹನಿಗಳು ಗಾಜಿನ ಮೇಲೆ ತೊಟ್ಟಿಕ್ಕುತ್ತಿದ್ದುವು. ಸಕಲೇಶಪುರದಲ್ಲಿ ಚಳಿ, ಹಾಸನ ದಾಟಿದ ಮೇಲೆ ಬಿಸಿಲು. ಅರಸೀಕೆರೆಯ ಆಚೆಗೆ ತೆಂಗಿನ ತೋಟಗಳೂ ತೆಳುವಾಗುತ್ತ ಬಂದು, ಹಿರಿಯೂರಿನ ಹೊತ್ತಿಗೆ ತುಟಿಗಳು ಬಿಗಿದುಕೊಂಡಂತಾದುವು. ನಮ್ಮಲ್ಲಿ ಅಂಗಳದಲ್ಲಿ ವಾರವಿಡೀ ಕಾಯಬೇಕಾದ ಹಪ್ಪಳವು ಇಲ್ಲಿ ಒಂದೇ ಹಗಲಿನಲ್ಲಿ ಒಣಗೀತು. ಹಪ್ಪಳಕ್ಕೆ ಒಳ್ಳೆಯದಾದ ಗಾಳಿ ಮೂಗಿಗೆ ಒಳ್ಳೆಯದಲ್ಲವೆಂಬುದನ್ನು ಆಗ ಅರಿತೆನು.

ಅವನ ಲಾರಿ ಹೊಸದು. ೨೦೨೫ರಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಹೊಸ ದೊಡ್ಡ ಲಾರಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನಲ್ಲಿ ಬೇಯುತ್ತಿದ್ದವರಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಯಂತ್ರವು ಗಾಳಿಯನ್ನು ತಣಿಸುವಾಗ ಅದರೊಳಗಣ ನೀರನ್ನೂ ಹಿಂಡಿ ತೆಗೆಯುವುದು. ಲಾರಿಯು ನಿಂತಾಗ ಅಡಿಯಿಂದ ತೊಟ್ಟಿಕ್ಕುವ ನೀರು ಅದೇ. ಮೊದಲೇ ಬಯಲುಸೀಮೆಯ ಒಣಗಾಳಿ. ಅದನ್ನೂ ಹಿಂಡಿದರೆ ಉಳಿಯುವುದೇನು? ಗಲ್ಫ್ ದೇಶಗಳಿಗೆ ವಿಮಾನದಲ್ಲಿ ಹೋಗಿಬರುವ ನಮ್ಮೂರಿನವರು ಇದನ್ನು ಬಲ್ಲರು. ವಿಮಾನದೊಳಗಣ ಗಾಳಿಯ ಆರ್ದ್ರತೆಯು ಹಲವು ಸಲ ನೂರಕ್ಕೆ ೨೦ಕ್ಕಿಂತಲೂ ಕೆಳಗಿಳಿಯುವುದು. ಅವರದು ಮೂರು ನಾಲ್ಕು ಗಂಟೆಗಳ ಪ್ರಯಾಣ. ಇವನದು ವಾರಕ್ಕೆ ನಾಲ್ಕು ರಾತ್ರಿಗಳ ವಾಸ.

ಚಿತ್ರದುರ್ಗದ ಗುಡ್ಡಗಳ ಮೇಲಣ ಗಾಳಿಯಂತ್ರಗಳು ಕತ್ತಲೆಯಲ್ಲಿ ಮರೆಯಾದ ಬಳಿಕ, ಹೊಸಪೇಟೆಯ ಹೆದ್ದಾರಿಯ ಬದಿಯ ಒಂದು ಢಾಬಾದಲ್ಲಿ ಊಟ ಮುಗಿಸಿ ಮಲಗಲು ಅಣಿಯಾದೆವು. ಅವನು ಗಾಜುಗಳನ್ನೆಲ್ಲ ಏರಿಸಿದನು, ಸೊಳ್ಳೆಬತ್ತಿಯನ್ನು ಹಚ್ಚಿದನು, ಎಂಜಿನ್ನನ್ನು ನಿಲ್ಲಿಸದೆ ತಣ್ಣನೆಯ ಗಾಳಿಯನ್ನು ಬಿಟ್ಟನು.

“ದಿನವೂ ಹೀಗೆಯೋ?” ಎಂದು ಕೇಳಿದೆನು.

“ಗಾಜು ತೆರೆದರೆ ಕಳ್ಳರ ಭಯ. ಮುಚ್ಚಿದರೆ ಸೆಕೆ. ಮತ್ತೇನು ಮಾಡಲಿ, ಮಾಸ್ತರರೇ?”

ಎಂಜಿನ್ನು ನಡೆಯುತ್ತಿರುವಾಗ ಮುಚ್ಚಿದ ಕೋಣೆಯಲ್ಲಿ ಮಲಗುವುದು ಮೃತ್ಯುವನ್ನು ಪಕ್ಕದಲ್ಲಿ ಮಲಗಿಸಿಕೊಂಡಂತೆ. ಹೊಗೆಯೊಡನೆ ಬರುವ ಇಂಗಾಲದ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನುಸುಳಿದರೆ ಮಲಗಿದವನಿಗೆ ಎಚ್ಚರವೇ ಆಗದು. ಇದನ್ನು ತಿಳಿಯ ಹೇಳಿ ಎಂಜಿನ್ನನ್ನು ಆರಿಸಿದೆವು. ಉಳಿದುದೆಲ್ಲ ಅವನ ರೂಢಿಯಂತೆಯೇ ಇರಲೆಂದು ನಾನು ಸುಮ್ಮನಾದೆನು.

ಒಂದು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಗಂಟಲು ಒಣಸಿಪ್ಪೆಯಂತಾಗಿದ್ದಿತು, ಮೂಗಿನೊಳಗೆ ಮುಳ್ಳು ಚುಚ್ಚಿದಂತೆ, ಬತ್ತಿಯ ಹೊಗೆಗೆ ಕಣ್ಣು ಉರಿ. ಪಕ್ಕದಲ್ಲಿ ಅವನು ಬಾಯಿ ತೆರೆದು ಉಸಿರಾಡುತ್ತ, ನಿದ್ದೆಯಲ್ಲೇ ಮೂಗನ್ನು ಉಜ್ಜಿಕೊಳ್ಳುತ್ತಿದ್ದನು. ದಿಂಬಿನ ಕಲೆಯು ಹೇಗಾಯಿತೆಂಬುದು ಕಣ್ಣಾರೆ ಕಂಡಿತು.

ಅವನನ್ನು ಎಬ್ಬಿಸಿ ವೈದ್ಯರು ಹೇಳಿದಂತೆ ಮಾಡಿದೆವು. ಬತ್ತಿಯನ್ನು ಹೊರಗೆಸೆದು, ಎರಡು ಕಡೆಯ ಗಾಜುಗಳನ್ನೂ ಕೈ ತೂರದಂತೆ ಎರಡು ಬೆರಳಗಲ ಮಾತ್ರ ಇಳಿಸಿ, ಸಂದಿಗೆ ಸೊಳ್ಳೆಪರದೆಯ ತುಂಡೊಂದನ್ನು ಸಿಕ್ಕಿಸಿದೆವು. ಬೈರಾಸನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಲೆಯ ಬಳಿಯ ಕಂಬಿಗೆ ಅಡ್ಡಲಾಗಿ ಹಾಕಿದೆವು. ನೀರು ಆರುತ್ತ ಆರುತ್ತ ಆ ಪುಟ್ಟ ಕೋಣೆಯ ಗಾಳಿಗೆ ಪಸೆಯನ್ನು ಕೊಡುವುದು. ಮೂಗಿಗೆ ಲವಣಜಲದ ಎರಡೆರಡು ತೊಟ್ಟು. ಹೊಳ್ಳೆಗಳ ಅಂಚಿಗೆ ಬೆರಳ ತುದಿಯಿಂದ ಎಣ್ಣೆಯ ತೆಳುವಾದ ಲೇಪ. ಎಣ್ಣೆಯನ್ನು ಮೂಗಿನೊಳಗೆ ಸುರಿಯಬಾರದು, ಅದು ಶ್ವಾಸಕೋಶಕ್ಕಿಳಿದರೆ ಕೇಡೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಒಂದಿಷ್ಟು ನೀರು ಕುಡಿದು ಮಲಗಿದೆವು. ಬೆಳಗ್ಗೆ ಐದಕ್ಕೆ ಎದ್ದಾಗ ಬೈರಾಸು ಗರಿಗರಿಯಾಗಿ ಒಣಗಿದ್ದಿತು. ಅದರ ನೀರಿನಲ್ಲಿ ನಮ್ಮ ಪಾಲಿಗೆ ಬಂದುದೆಷ್ಟೋ ಅಷ್ಟೇ ಲಾಭ. ಅವನು ಮೂಗಿನಿಂದಲೇ ಉಸಿರಾಡುತ್ತಿದ್ದನು.

ಈ ಉಪಾಯ ಬಯಲುಸೀಮೆಯದು, ಕರಾವಳಿಯದಲ್ಲ. ಪಣಂಬೂರಿನಲ್ಲಿ ಸರದಿಗಾಗಿ ಕಾಯುತ್ತ ಮಲಗುವವರು ಒದ್ದೆ ಬಟ್ಟೆಯನ್ನು ತೂಗಹಾಕಿದರೆ ಬೂಸಲೇ ಫಲ. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಚಾಚುವ ನಮ್ಮ ಹಳೆಯ ರೂಢಿಯೂ ತಪ್ಪು. ಕುಳಿತು, ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಪದೇ ಪದೇ ಬರುತ್ತಿದ್ದರೆ ವೈದ್ಯರಿಗೆ ತೋರಿಸದೆ ಇರಬಾರದು.

ಗಂಗಾವತಿಯಲ್ಲಿ ಮೂಟೆಗಳನ್ನಿಳಿಸಿ, ಅಕ್ಕಿಯನ್ನು ಹೇರಿಕೊಂಡು ಹಿಂದಿರುಗಿದೆವು. ದಾರಿಯಲ್ಲಿ ಅವನೆಂದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. “ಮೂಗು ಕಟ್ಟಿದ ರಾತ್ರಿ ನಿದ್ದೆಯಿಲ್ಲ, ಮಾಸ್ತರರೇ. ಮರುದಿನ ಘಟ್ಟ ಇಳಿಯುವಾಗ ಕಣ್ಣು ಎಳೆಯುತ್ತದೆ. ಅದನ್ನು ಮನೆಯಲ್ಲಿ ಹೇಳುವುದು ಹೇಗೆ?”

ಶಿರಾಡಿಯ ತಿರುವುಗಳಲ್ಲಿ ಅವನ ಲಾರಿಯ ಮುಂದೆ ನಮ್ಮ ಮಕ್ಕಳನ್ನು ಹೊತ್ತ ಬಸ್ಸು ಇರಬಹುದು. ಕೆಲಸಗಾರರು ರಾತ್ರಿ ತಂಗಬೇಕಾದೆಡೆಯಲ್ಲಿ ಒಡೆಯರು ವಿಶ್ರಾಂತಿಕೋಣೆಗಳನ್ನು ಒದಗಿಸಬೇಕೆಂದು ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನೇ ವಿಧಿಸಿದ್ದಿತು. ಅಂಥ ಕೋಣೆಯೊಂದೂ ನಾವು ಹೋದ ದಾರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಒದ್ದೆ ಬೈರಾಸು ಒಂದು ರಾತ್ರಿಯ ಉಪಶಮನವೇ ಹೊರತು, ಕಾಲು ಚಾಚಿ ಮಲಗುವ ಮನೆಯಾಗಲಾರದು. ನಮ್ಮ ಅಡಿಗೆಮನೆಗೆ ಬರುವ ಅಕ್ಕಿಯು ಹಾದಿಯಲ್ಲಿ ಇಂಥ ಎಷ್ಟೋ ರಾತ್ರಿಗಳನ್ನು ಕಳೆದು ಬಂದಿರುವುದು.

ಗುಂಡ್ಯಕ್ಕೆ ಇಳಿದೊಡನೆ ಅವನು ಯಂತ್ರವನ್ನು ಆರಿಸಿ ಗಾಜನ್ನು ಪೂರ್ತಿ ಇಳಿಸಿದನು. ಹಸಿ ಎಲೆಯ, ಒದ್ದೆ ಮಣ್ಣಿನ ವಾಸನೆಯೊಡನೆ ನಮ್ಮ ಗಾಳಿ ಒಳಗೆ ಬಂದಿತು. ಇಬ್ಬರೂ ಮಾತಿಲ್ಲದೆ ಅದನ್ನು ಉಸಿರಾಡಿದೆವು.

ಮರುದಿನ ಬೆಳಗ್ಗೆ ನೆರೆಮನೆಯ ಹಗ್ಗದ ಮೇಲೆ ದಿಂಬಿನ ಚೀಲವೊಂದು ತೂಗುತ್ತಿದ್ದಿತು. ಆಕೆ ನನ್ನನ್ನು ಕಂಡು, ಅದರ ಎರಡು ಮಗ್ಗುಲನ್ನೂ ತಿರುವಿ ತೋರಿಸಿ ನಕ್ಕಳು. ಕಲೆಯಿರಲಿಲ್ಲ. ಅಂದು ಸಂಜೆಯವರೆಗೂ ಅದು ಒಣಗಲೂ ಇಲ್ಲ.