ಅಂಗಳದ ಹುಲ್ಲುಹಾಸು ಮತ್ತು ಅನರ್ಥದಂಡ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಪಾಠ ಹೇಳುವಾಗ ಎಲ್ಲರೂ ಸ್ಮರಿಸುತ್ತೇವೆ. ಮನೆ ಕಟ್ಟಿಸುವಾಗ ಸ್ಮರಿಸುವವರು ವಿರಳ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ನಿರೂಪಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳ ಗೋಜಿಗೆ ಹೋಗುವುದು, ಸಸ್ಯಗಳನ್ನು ಕತ್ತರಿಸುವುದು ಮುಂತಾದ ಕ್ರಿಯೆಗಳಿಗೆ ಸಂಬಂಧಿಸಿದ್ದು. ಗೃಹಸ್ಥನಿಗೆ ಏಕೇಂದ್ರಿಯ ಜೀವಗಳ ಹಿಂಸೆ ಪೂರ್ಣವಾಗಿ ತಪ್ಪದು. ನಿಷ್ಪ್ರಯೋಜಕ ಹಿಂಸೆಯನ್ನಾದರೂ ಬಿಡಬೇಕೆಂಬುದು ಈ ವ್ರತದ ಆಶಯ.

ಕರಾವಳಿಯ ನಮ್ಮೂರಿನಲ್ಲಿ ನನ್ನ ಮಗ ಹೊಸ ಮನೆ ಕಟ್ಟಿಸಿದಾಗ ಅಂಗಳವನ್ನು ಅಲಂಕರಿಸುವ ಗುತ್ತಿಗೆದಾರರೊಬ್ಬರು ಅಂದಾಜುಪಟ್ಟಿ ಕೊಟ್ಟರು. ಸಾವಿರ ಚದರ ಅಡಿ ಕಾರ್ಪೆಟ್ ಹುಲ್ಲು, ಹೊರದೇಶದ ತಾಳೆಗಳು, ನೀರು ಚಿಮುಕಿಸುವ ಕೊಳವೆಗಳು, ಹುಲ್ಲು ಕತ್ತರಿಸುವ ಯಂತ್ರ, ಗೆದ್ದಲಿಗೆ ಔಷಧ. ವಾಣಿಜ್ಯ ಪದವಿ ಪಡೆದು ನಾಲ್ಕು ದಶಕ ಅಂಗಡಿಯ ಲೆಕ್ಕ ಬರೆದವನಾದ್ದರಿಂದ ಪಟ್ಟಿ ಕಂಡೊಡನೆ ಕೈ ಪೆನ್ಸಿಲನ್ನು ಹುಡುಕುತ್ತದೆ. ಬೇಸಗೆಯಲ್ಲಿ ಆ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರಿನಷ್ಟು ನೀರುಣಿಸಿದರೂ ಸುಮಾರು 465 ಲೀಟರು ಬೇಕು. ಜನವರಿಯಿಂದ ಮೇ ತಿಂಗಳವರೆಗೆ 150 ದಿನಗಳೆಂದರೆ 70,000 ಲೀಟರಿಗೆ ಹತ್ತಿರ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಾದರೂ ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಏಪ್ರಿಲ್ ಬಂತೆಂದರೆ ನಮ್ಮ ಬಾವಿಗಳ ತಳ ಕಾಣುತ್ತದೆ.

ಲೀಟರುಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ನಮ್ಮ ಮನೆಗಳಲ್ಲಿ ಇಂದಿಗೂ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಜೋಪಾನವಾಗಿ ಬಾವಿಗೇ ಬಿಡುವ ಹಿರಿಯರನ್ನು ನಾನು ಕಂಡಿದ್ದೇನೆ. ಒಂದು ಕೊಡ ನೀರಿಗೆ ಇಷ್ಟು ಎಚ್ಚರ ವಹಿಸುವ ನಾವೇ ಮೋಟಾರಿನ ಗುಂಡಿ ಒತ್ತಿ, ಯಾರೂ ತಿನ್ನದ, ಪೂಜೆಗೂ ಒದಗದ ಹುಲ್ಲಿನ ಮೇಲೆ ನೂರಾರು ಲೀಟರು ಸೋಸದ ನೀರನ್ನು ಚೆಲ್ಲುವುದು ಯಾವ ನ್ಯಾಯ?

“ಅಪ್ಪ, ಮನೆಯೆದುರು ಸ್ವಲ್ಪ ಹಸಿರು ಬೇಡವೇ?” ಎಂದು ಮಗ ಕೇಳಿದ. ಬೇಕು, ಆದರೆ ಈ ಮಣ್ಣಿನ ಹಸಿರೇ ಇರುವಾಗ ದೂರದ್ದೇಕೆ? ದೂರದಿಂದ ತಂದ ಎಲ್ಲ ಗಿಡವೂ ಕೆಡುಕಲ್ಲವೆಂಬುದು ನಿಜ. ಆದರೂ 19ನೆಯ ಶತಮಾನದಲ್ಲಿ ತೋಟದ ಅಂದಕ್ಕೆಂದು ಬಂದ ಲಂಟಾನ ಇಂದು ಬಂಡೀಪುರದ ಕಾಡಿನೊಳಗೆ ಜಿಂಕೆಗಳ ಮೇವನ್ನೇ ಮುಚ್ಚಿ ಬೆಳೆದಿದೆ.

ನಾವು ಕೇಪಳ, ನಂದಿಬಟ್ಟಲು, ಆಡುಸೋಗೆ, ಕರಿಬೇವು ಹಾಕಿಸಿ, ಮೂಲೆಯಲ್ಲಿ ಒಂದು ರಂಜದ ಸಸಿ ನೆಟ್ಟೆವು. ರಂಜವೆಂದರೆ ಬಕುಳ, ನಮಿನಾಥ ತೀರ್ಥಂಕರರ ಕೇವಲಜ್ಞಾನದ ವೃಕ್ಷ. ಮುನಿಸುವ್ರತರದು ಸಂಪಿಗೆ. (ಆದಿನಾಥರ ಆಲವನ್ನು ಮಾತ್ರ ಗೋಡೆಯ ಬಳಿ ನೆಡಬಾರದು, ಬೇರು ಕಲ್ಲನ್ನೂ ಸೀಳುತ್ತದೆ. ಬಸದಿಯ ಆಡಳಿತದವರು ಇದನ್ನು ಬಲ್ಲರು.) ಬಕುಳದ ಹೂವನ್ನು ಕೀಳಬೇಕಾಗಿಲ್ಲ, ತಾನಾಗಿ ಉದುರುತ್ತದೆ. ಆರಿಸಿ ಪೋಣಿಸಿದರೆ ಒಣಗಿದ ಮೇಲೂ ಪರಿಮಳ ಹೋಗದು. ಬೆಳವಣಿಗೆ ನಿಧಾನ. ನನ್ನ ವಯಸ್ಸಿನವನು ನೆಟ್ಟರೆ ನೆರಳು ಮೊಮ್ಮಕ್ಕಳಿಗೆ. ಮೊದಲ ಎರಡು ಬೇಸಗೆ ಎಲ್ಲ ಸಸಿಗಳಿಗೂ ಬಿಂದಿಗೆಯಲ್ಲಿ ನೀರೆರೆದೆವು. ಈಗ ಕೇಪಳ, ನಂದಿಬಟ್ಟಲುಗಳು ಅದನ್ನು ಬೇಡುವುದಿಲ್ಲ.

ಪೊದೆ ಬೆಳೆದರೆ ಹಾವು ಬರುತ್ತದೆ, ಮಗು ಓಡಾಡುವ ಜಾಗ ಎಂದು ಸೊಸೆ ಹೇಳಿದಳು. ಅದು ಯೋಗ್ಯವಾದ ಮಾತೇ. ಜಗಲಿಯಿಂದ ಹತ್ತು ಅಡಿ ನೆಲವನ್ನು ಹಿಂದಿನವರಂತೆ ಗುಡಿಸಿದ ಬರಿಯ ಅಂಗಳವಾಗಿಯೇ ಬಿಟ್ಟೆವು.

ಇದರಿಂದ ಅಹಿಂಸೆ ಪೂರ್ಣವಾಯಿತೆಂದು ಹೇಳಲಾರೆ. ಕಳೆದ ವರ್ಷ ಕರಿಬೇವಿನ ಗಿಡವನ್ನು ಹಸಿರು ಹುಳುಗಳು ಬೋಳಾಗಿಸಿದವು. ಅಡುಗೆಮನೆಯಿಂದ ದೂರು ಬಂತು; ಔಷಧ ಸಿಂಪಡಿಸೋಣವೆಂದು ಕೆಲಸದವನೂ ಹೇಳಿದ. ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದ ಮರಿಗಳು ಹಸಿರಾಗಿ, ಕೋಶವಾಗಿ, ಕಪ್ಪು ರೆಕ್ಕೆಯ ಚಿಟ್ಟೆಗಳಾಗುವವೆಂದು ಮೊಮ್ಮಗನಿಗೆ ತೋರಿಸುತ್ತಿದ್ದ ದಿನಗಳವು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಕ್ರಿಮಿ, ಇರುವೆ, ದುಂಬಿ, ಮನುಷ್ಯ ಎಂದು ಇಂದ್ರಿಯಗಳ ಏರಿಕೆ ಇದೆಯಷ್ಟೆ. ಎಲೆಯೊಂದನ್ನು ಉಳಿಸಲು ಅದರಿಂದ ಮೇಲಿನ ಜೀವವನ್ನು ಕೊಲ್ಲುವುದನ್ನು ನನ್ನ ಬುದ್ಧಿ ಒಪ್ಪಲಿಲ್ಲ. ಹಿತ್ತಿಲಿನಲ್ಲಿ ಇನ್ನೆರಡು ಕರಿಬೇವು ನೆಟ್ಟೆವು. ತಿಂಗಳೊಪ್ಪತ್ತಿನಲ್ಲಿ ಮೊದಲಿನ ಗಿಡವೂ ಚಿಗುರಿತು. ಅಷ್ಟು ದಿನ ಸಾರಿನ ಒಗ್ಗರಣೆಗೆ ಬರಿಯ ಸಾಸಿವೆ.

ಈಗ ನಮ್ಮೂರ ಬಸದಿಯ ಮುಂಭಾಗಕ್ಕೂ ಹುಲ್ಲುಹಾಸು ಮಾಡಿಸಿಕೊಡಲು ದಾನಿಯೊಬ್ಬರು ಮುಂದೆ ಬಂದಿದ್ದಾರೆ. ಅವರ ಭಕ್ತಿಯಲ್ಲಿ ನನಗೆ ಸಂಶಯವಿಲ್ಲ. ಆದ್ದರಿಂದಲೇ ಬೇಡವೆನ್ನುವುದು ಕಷ್ಟ. ಮೇಲಿನ ನೀರಿನ ಲೆಕ್ಕವನ್ನೂ, ಅದೇ ಹಣದಲ್ಲಿ ಎರಡು ರಂಜ, ಎರಡು ಸಂಪಿಗೆ, ಬೇಲಿಯುದ್ದಕ್ಕೂ ಕೇಪಳ ನೆಡಬಹುದೆಂಬ ಪಟ್ಟಿಯನ್ನೂ ಬರೆದು ಸಮಿತಿಗೆ ಕೊಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಸಭೆ ಸೇರಬೇಕು. ಸಸಿ ನೆಡುವುದಾದರೆ ಅದೇ ಸಮಯ.